ಹಳೆಯ ಕಂಪ್ಯೂಟರಿಗೆ ಅಭ್ಯಂಜನ

ಹೋದ ಸಲ ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬರದ ಹಾಗೆ ಏನು ಮಾಡಬೇಕು ಅಂತ ಬರೆದಿದ್ದೆ. ಈ ಸಲ ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲದ ವಿಷಯ. ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಮನೆಗೆ ತಂದು, ಅದರ ಕೊಳೆ ತೆಗೆದು, ಕೆಲಸಕ್ಕೆ ಹಚ್ಚಿದ ಕಥೆ. ‘ಇದೇನಪ್ಪಾ, ಅಡುಗೆಮನೆ ಬಿಟ್ಟು ಇವಳು ಎಲ್ಲಿಗೆ ಹೊರಟಳು’ ಎಂದು ಪುಟ ತಿರುವಿಬಿಡಬೇಡಿ. ಹದಿನೈದು ದಿನ ಅದರ ಜೊತೆ ಒದ್ದಾಡಿದ ಮೇಲೆ ಹೇಳುತ್ತಿದ್ದೇನೆ, ಇದರಲ್ಲಿ ಮುಕ್ಕಾಲು ಪಾಲು ನಾವು ದಿನಾ ಮಾಡುವ ಕೆಲಸವೇ. ಧೂಳು ಹೊಡೆಯುವುದು, ಒರೆಸುವುದು, ಒಣಗಿಸುವುದು, ತೆಗೆದದ್ದನ್ನು ತೆಗೆದ ಜಾಗದಲ್ಲೇ ಇಡುವುದು. ಉಳಿದ ಕಾಲು ಪಾಲಿಗೆ ಪಕ್ಕದ ಮನೆ ಹುಡುಗನನ್ನು ಹಿಡಿದರಾಯಿತು.

ನಮ್ಮ ಮಗಳು ಈಗ ಎರಡನೇ ಪಿಯುಸಿ. 2020ರಲ್ಲೂ 2021ರಲ್ಲೂ ಸ್ಕೂಲು ಮುಚ್ಚಿದ್ದಾಗ ಅವಳ ಪಾಠವೆಲ್ಲ ನನ್ನ ಫೋನಿನಲ್ಲೇ ನಡೆದದ್ದು. ಅಂಗೈಯಗಲದ ಪರದೆ ನೋಡಿ ನೋಡಿ ಕನ್ನಡಕವೂ ಬಂತು. ಜೊತೆಗೆ ನಮ್ಮ ಮಹಿಳಾ ಸಂಘದ ಲೆಕ್ಕ ಬರೆಯುವುದು ನನ್ನ ಪಾಲಿಗಿದೆ. ಕಂಪ್ಯೂಟರ್ ಒಂದು ಬೇಕು ಅಂದಾಗಲೆಲ್ಲ ನಮ್ಮನೆಯವರು, “ಇನ್ನೆರಡು ವರ್ಷ ತಡಿಯೇ, ಇವಳು ಕಾಲೇಜು ಮುಗಿಸಲಿ” ಅನ್ನುವರು. ಕಾಲೇಜು ಮುಗಿಸಿದ ಮೇಲೆ ಕಂಪ್ಯೂಟರ್ ಯಾಕೆ ಅಂತ ನಾನು ಕೇಳಲಿಲ್ಲ. ಕೆಲವು ಮಾತು ಕೇಳದೇ ಇದ್ದರೇ ಮನೆಯಲ್ಲಿ ಅನ್ನ ಬೇಯುವುದು.

ಬಸವೇಶ್ವರನಗರದಲ್ಲಿ ನನ್ನ ಹತ್ತಿರ ಹಪ್ಪಳ ಸಂಡಿಗೆ ತೆಗೆದುಕೊಳ್ಳುವ ಒಬ್ಬ ಹಿರಿಯರಿದ್ದಾರೆ. ಅಮ್ಮ ಅಂತಲೇ ನಾನು ಕರೆಯುವುದು. ಅವರ ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಆಮೇಲೆ ಆ ಬೀದಿಯವರಿಗೆಲ್ಲ ಇನ್‌ಕಂ ಟ್ಯಾಕ್ಸ್ ಫಾರಂ ತುಂಬಿಕೊಡುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಹಳೇ ಟವೆಲ್ ಹೊದ್ದು ಕೂತಿತ್ತು. ಪರ ಊರಿನಲ್ಲಿರುವ ಮಗ, “ಗುಜರಿಗೆ ಹಾಕಿಬಿಡಮ್ಮಾ” ಅಂದಿದ್ದನಂತೆ. ಇವರಿಗೆ ಕೈ ಬರಲಿಲ್ಲ. “ನೀನೇ ತಗೊಂಡು ಹೋಗಮ್ಮಾ, ಮಗು ಓದ್ಕೊಂಡ್ರೆ ಅವರಿಗೂ ಸಮಾಧಾನ” ಅಂದರು. ಬಿಟ್ಟಿ ಬೇಡವೆಂದು ತಾಂಬೂಲದ ಜೊತೆ 3,500 ರೂಪಾಯಿ ಇಟ್ಟು ಬಂದೆ. ಆಟೋದಲ್ಲಿ ರಾಜಾಜಿನಗರಕ್ಕೆ ತಂದು ಇಳಿಸುವಾಗ ನಮ್ಮನೆಯವರು ಬಾಗಿಲಲ್ಲೇ ನಿಂತು, “ಗುಜರಿ ಅಂಗಡಿ ಇಡ್ತೀಯೇನೇ?” ಎಂದರು.

ನಿಮಗೆ ಹೀಗೆ ಗೊತ್ತಿದ್ದವರ ಮನೆಯದು ಸಿಗದಿದ್ದರೆ, ಕಂಪನಿಗಳು ನಾಲ್ಕೈದು ವರ್ಷ ಬಳಸಿ ಮಾರಿದ ಯಂತ್ರಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡ್, ಅದಕ್ಕೇ ಹೆಸರಾದ ಜಾಗ. ಕೊಳ್ಳುವಾಗ ಬಣ್ಣ, ಪರದೆಯ ಅಗಲ ನೋಡಿ ಮರುಳಾಗಬೇಡಿ. ಒಳಗಿನ ಪ್ರೊಸೆಸರ್ ಎಷ್ಟನೇ ತಲೆಮಾರಿನದು, ಮೆಮೊರಿ ಎಷ್ಟು ಜಿಬಿ, ಇವೆರಡನ್ನೇ ಬಾಯಿ ಬಿಟ್ಟು ಕೇಳಿ. ಇಂಟೆಲ್‌ನದಾದರೆ ಎಂಟನೇ ತಲೆಮಾರಿಗಿಂತ ಹಳೆಯದಕ್ಕೆ ವಿಂಡೋಸ್ 11 ಹಾಕಲು ಅದನ್ನು ಮಾಡಿದ ಕಂಪನಿಯೇ ಒಪ್ಪುವುದಿಲ್ಲ. “ನಾನು ಹಾಕ್ಕೊಡ್ತೀನಿ ಬಿಡಿ ಮೇಡಂ” ಅನ್ನುವವರು ಸಿಗುತ್ತಾರೆ. ಹಾಕಿಯೂ ಕೊಡುತ್ತಾರೆ. ನಾಳೆ ಕೈ ಕೊಟ್ಟರೆ ಕೇಳುವವರಿಲ್ಲ, ಅಷ್ಟೇ. ಮತ್ತೆ, ಬಿಲ್ ಇಲ್ಲದೆ ದುಡ್ಡು ಕೊಡಬೇಡಿ.

ಸರಿ, ಅಭ್ಯಂಜನಕ್ಕೆ ಬರೋಣ. ಮೊದಲು ವೈರುಗಳು ಹೇಗಿದ್ದವೋ ಹಾಗೆ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಆಮೇಲೆ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತು ಪಕ್ಕಕ್ಕಿಡಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಕಿತ್ತ ಮೇಲೆ ಕಂಪ್ಯೂಟರಿನ ಆನ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದಿದ್ದ ಅಷ್ಟಿಷ್ಟು ಕರೆಂಟೂ ಇಳಿದುಹೋಗುತ್ತದೆ. ರೇಷ್ಮೆ, ಸಿಂಥೆಟಿಕ್ ಸೀರೆ ಬೇಡ, ಹತ್ತಿಯದೇ ಉಡಿ. ಬಟ್ಟೆ ಉಜ್ಜಿ ಹುಟ್ಟುವ ಚಿಟಪಟ ಕಿಡಿ ನಮಗೆ ಗೊತ್ತೂ ಆಗುವುದಿಲ್ಲ, ಒಳಗಿನ ಸಣ್ಣ ಚಿಪ್ಪುಗಳಿಗೆ ಅದೇ ಸಿಡಿಲು. ಕೈ ಹಾಕುವ ಮೊದಲು ಕಿಟಕಿಯ ಕಬ್ಬಿಣದ ಸರಳನ್ನೋ, ಡಬ್ಬದ ಬಣ್ಣವಿಲ್ಲದ ತಗಡನ್ನೋ ಒಮ್ಮೆ ಮುಟ್ಟಿದರೆ ಆಯಿತು.

ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ, ಮೂಗಿಗೆ ಬಟ್ಟೆ ಕಟ್ಟಿ, ಪಕ್ಕದ ತಗಡು ಬಿಚ್ಚಿದೆ. ಅಯ್ಯೋ ರಾಮ! ನನ್ನ ಅತ್ತೆಯವರ ಕಾಲದ ಅಟ್ಟದಲ್ಲೂ ಅಷ್ಟು ಧೂಳು ಕಂಡಿರಲಿಲ್ಲ. ಫ್ಯಾನಿನ ರೆಕ್ಕೆಗೆ ಬೆಕ್ಕಿನ ತುಪ್ಪಳದ ಹಾಗೆ ಅಂಟಿಕೊಂಡಿತ್ತು. ಮೂಲೆಯಲ್ಲಿ ಜಿರಳೆಯ ಹಿಕ್ಕೆ, ವೈರುಗಳ ಹಿಂದೆ ಎರಡು ಹಲ್ಲಿ ಮೊಟ್ಟೆ. ಮಗಳು ಕಿರುಚಿ ಒಳಗೆ ಓಡಿದಳು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ಬರೆದಿರುತ್ತಾರೆ, ಕಂಪ್ಯೂಟರಿನಲ್ಲಿ ಮೊಟ್ಟೆಯಿಟ್ಟರೆ ಏನು ಫಲವೋ ಅದರಲ್ಲಿಲ್ಲ.

ಒಂದಿಂಚಿನ ಹೊಸ ಪೇಂಟ್ ಬ್ರಷ್ ಸಾಕು, ಮೆದು ಕೂದಲಿನದು. ಮೇಲಿನಿಂದ ಕೆಳಗೆ ಗುಡಿಸಿಕೊಂಡು ಬನ್ನಿ, ಮನೆ ಧೂಳು ಹೊಡೆದ ಹಾಗೆ. ಗಾಳಿ ಊದುವ ಬ್ಲೋವರ್ ಇದ್ದರೆ ಒಳ್ಳೆಯದು, ಆದರೆ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು. ಗಾಳಿಗೆ ಗಿರ್ರನೆ ತಿರುಗಿದರೆ ಅದರ ಬೇರಿಂಗು ಹಾಳು. ಬಾಯಲ್ಲಿ ಊದಬೇಡಿ, ಉಗುಳು ಹಾರುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಒಳಗೆ ತೂರಿಸಬೇಡಿ, ಕಿಡಿಯ ಭಯ ಅದಕ್ಕೂ ಇದೆ. ಇನ್ನೊಂದು ಮಾತು ಖಡಾಖಂಡಿತ. ಮೂಲೆಯಲ್ಲಿ ಫ್ಯಾನಿರುವ ಒಂದು ತಗಡಿನ ಪೆಟ್ಟಿಗೆ ಇರುತ್ತದೆ, ಗೋಡೆಯ ಕರೆಂಟು ಮೊದಲು ಅದರೊಳಕ್ಕೇ ಬರುವುದು. ಅದನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಹೊರಗಿನಿಂದಲೇ ಬ್ರಷ್ ಆಡಿಸಿ ಬಿಡಿ.

ಮೆಮೊರಿ ಪಟ್ಟಿ ಅಂತ ಒಂದಿದೆ, ಬಾಚಣಿಗೆಯಷ್ಟುದ್ದ. ಎರಡು ತುದಿಯ ಕ್ಲಿಪ್ಪು ಕೆಳಗೊತ್ತಿದರೆ ತಾನಾಗಿ ಮೇಲೇಳುತ್ತದೆ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಪೂರ್ತಿ ಕೊಡವಬೇಕು. ಪ್ರೊಸೆಸರ್ ಮೇಲಿನ ಫ್ಯಾನ್ ತೆಗೆದರೆ ಅಡಿಯಲ್ಲಿ ಒಣಗಿದ ಬೂದು ಬಣ್ಣದ ಲೇಪ ಕಾಣುತ್ತದೆ. ಪ್ರೊಸೆಸರಿನ ಶಾಖವನ್ನು ಮೇಲಿನ ಲೋಹಕ್ಕೆ ದಾಟಿಸುವುದೇ ಅದರ ಕೆಲಸ, ಒಣಗಿದರೆ ಶಾಖ ಅಲ್ಲೇ ನಿಂತು ಯಂತ್ರ ಏದುಸಿರು ಬಿಡುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹೊಸದನ್ನು ಹೆಸರುಕಾಳಿನಷ್ಟು ಇಟ್ಟು ಫ್ಯಾನ್ ಕೂರಿಸಬೇಕು. ದೋಸೆಗೆ ತುಪ್ಪ ಸುರಿದ ಹಾಗೆ ಸುರಿಯಬಾರದು. ಇದೊಂದನ್ನು ನಾನೇ ಮಾಡಲಿಲ್ಲ, ಪಕ್ಕದ ಮನೆ ಹುಡುಗ ಮಾಡಿದ. ಧೈರ್ಯ ಬರದ ಕೆಲಸವನ್ನು ಬಂದವರ ಕೈಗೆ ಕೊಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಕೀಬೋರ್ಡನ್ನು ಮಗುಚಿ ಬೆನ್ನು ತಟ್ಟಿದೆ. ಅವಲಕ್ಕಿ, ಸಾಸಿವೆ, ಒಂದು ಸ್ಟೇಪ್ಲರ್ ಪಿನ್ನು, ತುಳಸಿ ಎಲೆಯ ಚೂರು ಉದುರಿತು. ಆ ಹಿರಿಯರು ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡು ನೇರ ಇಲ್ಲೇ ಬಂದು ಕೂರುತ್ತಿದ್ದರೋ ಏನೋ. ಗುಂಡಿಗಳನ್ನು ಒಂದೊಂದಾಗಿ ಕಿತ್ತು ಸೋಪಿನ ನೀರಿನಲ್ಲಿ ನೆನೆಸಿ, ತೊಳೆದು, ನೆರಳಲ್ಲಿ ಒಂದು ದಿನ ಒಣಗಿಸಿದೆ. ಹಪ್ಪಳ ಹರವಿದ ಹಾಗೇ ಇತ್ತು. ಕೀಳುವ ಮುಂಚೆ ಇಲ್ಲೂ ಒಂದು ಚಿತ್ರ ತೆಗೆದಿರಬೇಕು, ಇಲ್ಲದಿದ್ದರೆ ಯಾವ ಅಕ್ಷರ ಎಲ್ಲಿ ಅಂತ ಒಂದು ದಿನ ಹುಡುಕಬೇಕಾಗುತ್ತದೆ. ಪರದೆಗೆ ಕನ್ನಡಕ ಒರೆಸುವಂಥ ಮೆದು ಬಟ್ಟೆ, ಬೇಕಾದರೆ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ್ದು. ಕನ್ನಡಿಗೆ ಹೊಡೆಯುವ ಸ್ಪ್ರೇ ಬೇಡ.

ಎಲ್ಲ ಜೋಡಿಸಿ, ದೇವರಿಗೊಂದು ಕೈಮುಗಿದು ಗುಂಡಿ ಒತ್ತಿದರೆ, ಪರದೆ ಕಪ್ಪು! ಒಳಗಿನಿಂದ ಕೂಂಯ್ ಕೂಂಯ್ ಎಂದು ಕೂಗುತ್ತಿದೆ. ನನಗೆ ಕೈಕಾಲು ತಣ್ಣಗಾಯಿತು. ಕೊಟ್ಟದ್ದು 3,500 ಇರಬಹುದು, ಆದರೆ ಒಬ್ಬರ ನೆನಪಿನ ವಸ್ತುವನ್ನು ತಂದು ಕೊಂದುಬಿಟ್ಟೆನಲ್ಲ ಅನ್ನಿಸಿತು. ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಪೇಪರೂ ಓದುತ್ತಿರಲಿಲ್ಲ. ಹುಡುಗ ಬಂದು ನೋಡಿ ನಕ್ಕ. “ಮೆಮೊರಿ ಸರಿಯಾಗಿ ಕೂತಿಲ್ಲ ಆಂಟಿ. ಹೆದರ್ಕೊಂಡು ಮೆಲ್ಲಗೆ ಒತ್ತಿದೀರ.” ಎರಡು ತುದಿಯಲ್ಲೂ ಟಕ್ ಅನ್ನುವವರೆಗೆ ಒತ್ತಿದ. ಪರದೆ ಬೆಳಗಿತು.

ಡಬ್ಬದ ತಗಡು ಮುಟ್ಟಿದಾಗ ಸಣ್ಣಗೆ ಜುಮ್ ಅನ್ನುತ್ತಿದ್ದರೆ ಅಲಕ್ಷ್ಯ ಮಾಡಬೇಡಿ. ಗೋಡೆಯ ಪಾಯಿಂಟಿನಲ್ಲಿ ಅರ್ತಿಂಗ್ ಇಲ್ಲ ಅಂತ ಅರ್ಥ. ರಾಜಾಜಿನಗರದ ಹಳೇ ಮನೆಗಳಲ್ಲಿ ಇದು ಸಾಮಾನ್ಯ. ಮೂರು ತೂತಿನ ಸಾಕೆಟ್ ಇರುತ್ತದೆ, ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ನಮ್ಮಲ್ಲೂ ಹಾಗೇ ಆಗಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಪರದೆ ಬಂತಲ್ಲ, ಅದರಲ್ಲಿ ತಾರೀಖು 2012ರ ಜನವರಿ 1! ಒಳಗೆ ನಾಲ್ಕಾಣೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032 ಅಂತ. ಕರೆಂಟು ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಅದು ಸತ್ತರೆ ತಾರೀಖು ಹಿಂದೆ ಬೀಳುತ್ತದೆ, ತಾರೀಖು ತಪ್ಪಿದರೆ ಇಂಟರ್‌ನೆಟ್ಟಿನಲ್ಲಿ ಯಾವ ಬಾಗಿಲೂ ಸರಿಯಾಗಿ ತೆರೆಯುವುದಿಲ್ಲ, ‘ಇದು ಸುರಕ್ಷಿತವಲ್ಲ’ ಎಂದೇ ಹೇಳುತ್ತದೆ. ಇದಕ್ಕೇ ಯಂತ್ರ ಕೆಟ್ಟಿದೆ ಅಂತ ನೂರಾರು ರೂಪಾಯಿ ಕೊಟ್ಟು ರಿಪೇರಿ ಮಾಡಿಸಿದವರು ನನಗೆ ಗೊತ್ತು. ಚಿಲ್ಲರೆ ದುಡ್ಡಿನ ಕೆಲಸ, ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿದರಾಯಿತು. ಹಳೇ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ. ನುಂಗಿದರೆ ಗಂಟಲು ಅನ್ನನಾಳವೇ ಸುಟ್ಟುಹೋಗುತ್ತದೆ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಒಳಗಿದ್ದದ್ದು ವಿಂಡೋಸ್ 7. ಪಾಸ್‌ವರ್ಡ್ ಕೇಳಿತು. ಅಮ್ಮನಿಗೆ ಫೋನ್ ಮಾಡಿದರೆ, “ಅದೆಲ್ಲ ಅವರಿಗೇ ಗೊತ್ತಿತ್ತು ಕಣಮ್ಮಾ” ಅಂದರು. ಗೊತ್ತಿದ್ದರೂ ಅದನ್ನೇ ಇಟ್ಟುಕೊಳ್ಳುವ ಹಾಗಿರಲಿಲ್ಲ. ವಿಂಡೋಸ್ 7ಕ್ಕೆ ಕಂಪನಿಯವರು ರಕ್ಷಣೆ ಕೊಡುವುದನ್ನು 2020ರ ಜನವರಿಯಲ್ಲೇ ನಿಲ್ಲಿಸಿದರು, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ರಕ್ಷಣೆ ಮುಗಿಯಿತು. ಬಾಗಿಲ ಚಿಲಕ ಸಡಿಲವಾದರೂ ಬಡಗಿ ಬರುವುದಿಲ್ಲ ಅಂದ ಹಾಗೆ. ಇಂಥದ್ದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಲೇಬಾರದು.

ಹುಡುಗ ಲಿನಕ್ಸ್ ಮಿಂಟ್ ಅಂತ ಒಂದನ್ನು ಹೇಳಿದ. ಕಾಸಿಲ್ಲ, ಕಳ್ಳಮಾಲೂ ಅಲ್ಲ, ಕೊಡುವವರೇ ಎಲ್ಲರೂ ಹಂಚಿಕೊಳ್ಳಲಿ ಅಂತ ಬಿಟ್ಟಿರುವುದು. 4 ಜಿಬಿ ಮೆಮೊರಿಯ ಹಳೇ ಯಂತ್ರದಲ್ಲೂ ಓಡುತ್ತದೆ. 8 ಜಿಬಿಯ ಪೆನ್‌ಡ್ರೈವಿಗೆ ಅದನ್ನು ಇಳಿಸಿಕೊಂಡರೆ, ಒಳಗಿನ ಯಾವುದನ್ನೂ ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಹಿಡಿಸಿದರೆ ಹಾಕಿಕೊಳ್ಳುವುದು, ಇಲ್ಲದಿದ್ದರೆ ಕಿತ್ತಿಡುವುದು. ಒಂದು ಎಚ್ಚರಿಕೆ. ನಿಮ್ಮ ಮಕ್ಕಳು ಟ್ಯಾಲಿ ಕಲಿಯುತ್ತಿದ್ದರೆ ಅದಕ್ಕೆ ವಿಂಡೋಸೇ ಬೇಕು. ಏನು ಕೆಲಸಕ್ಕೆ ಅಂತ ಮೊದಲು ತೀರ್ಮಾನಿಸಿ. ನಮಗೆ ಬರೆಯುವುದು, ಲೆಕ್ಕ, ಪಾಠ ನೋಡುವುದು ಇಷ್ಟೇ ತಾನೇ.

ಹಳೇ ಡಿಸ್ಕು ತಿರುಗುವ ಜಾತಿಯದು, ತೀರಾ ನಿಧಾನ. ಎಸ್‌ಎಸ್‌ಡಿ ಅಂತ ಹೊಸ ಥರದ್ದು ಹಾಕಿದರೆ ಯಂತ್ರಕ್ಕೆ ಹರೆಯ ಬಂದ ಹಾಗೆ ಅಂದ ಹುಡುಗ. ಒಂದು ಶನಿವಾರ ಮಗಳನ್ನು ಕರೆದುಕೊಂಡು ರಾಜಾಜಿನಗರ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. 2017ರಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ದಾಟಿ ಮುಂದಕ್ಕೆ ಹೋದಾಗಿನಿಂದ ನಮ್ಮ ಕಡೆಯವರಿಗೆ ಪೇಟೆ ಅಂಗಳಕ್ಕೇ ಬಂದ ಹಾಗಿದೆ. ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಮಾಡಿದ ನನಗೆ ಅಲ್ಲಿ ಬಾಯೇ ಬರಲಿಲ್ಲ. ಮೊದಲನೇ ಅಂಗಡಿಯವನು ನನ್ನನ್ನು ಬಿಟ್ಟು ಹಿಂದೆ ಬಂದ ಹುಡುಗರನ್ನೇ ವಿಚಾರಿಸಿದ. ಎರಡನೆಯವನು, “ಯಾವ ಮಾಡಲ್ಲು ಮೇಡಂ?” ಅಂದ. ನಾನು ಫೋನಿನಲ್ಲಿ ತೆಗೆದಿದ್ದ ಒಳಗಿನ ಚಿತ್ರ ತೋರಿಸಿದೆ. ಒಂದೇ ನೋಟಕ್ಕೆ ಬೇಕಾದ್ದು ತೆಗೆದುಕೊಟ್ಟ. ನೀವೂ ಚಿತ್ರ ಒಯ್ಯಿರಿ, ಮಾತಿಗಿಂತ ಅದು ಮೇಲು.

ಮಿಂಟ್ ಹೊಸ ಡಿಸ್ಕಿನಲ್ಲಿ ಅರ್ಧ ಗಂಟೆಯಲ್ಲಿ ಕೂತಿತು. ಆಮೇಲೆ ಹುಡುಗ ಹಳೇ ಡಿಸ್ಕನ್ನು ಒಂದು ಕೇಬಲ್ಲಿನಲ್ಲಿ ಹೊರಗಿನಿಂದ ಸಿಕ್ಕಿಸಿ ನೋಡಿದ. ಸೋದರಿಯರೇ, ನಾನು ಈ ಸಲ ಬರೆಯಲು ಕೂತದ್ದೇ ಈ ಕಾರಣಕ್ಕೆ. ಪಾಸ್‌ವರ್ಡ್ ಇಲ್ಲದೆ ಒಳಗೇ ಬಿಡದಿದ್ದ ಡಿಸ್ಕು, ಈಗ ಯಾವ ಪಾಸ್‌ವರ್ಡೂ ಕೇಳದೆ ಎಲ್ಲವನ್ನೂ ಬಿಚ್ಚಿ ತೋರಿಸಿತು! “ಆ ಪಾಸ್‌ವರ್ಡು ಬೀಗ ಅಲ್ಲ ಆಂಟಿ, ಬರೀ ಬಾಗಿಲ ಪರದೆ” ಅಂದ ಹುಡುಗ. ಬೀದಿಯ ಎಷ್ಟೋ ಜನರ ಪಾನ್ ಕಾರ್ಡ್, ಆಧಾರ್ ಪ್ರತಿ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಒಬ್ಬೊಬ್ಬರ ಹೆಸರಿಗೆ ಒಂದೊಂದು ಫೋಲ್ಡರ್, ವರುಷವಾರು ನೀಟಾಗಿ. ಅದರಲ್ಲಿ ನನಗೆ ಪರಿಚಯದ ಹೆಸರೂ ಒಂದಿತ್ತು. ನಾನು ಹುಡುಗನ ಕೈಯಿಂದ ಮೌಸ್ ತೆಗೆದುಕೊಂಡು ಮುಚ್ಚಿಬಿಟ್ಟೆ. ಆ ಮಗ ಹೇಳಿದ ಹಾಗೆ ಇದು ಗುಜರಿಗೆ ಹೋಗಿದ್ದರೆ?

ಅಮ್ಮನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. “ನಂಬಿ ಕೊಟ್ಟಿದ್ರಲ್ಲಮ್ಮಾ ಅವರೆಲ್ಲ” ಅಂದರು. ಆಮೇಲೆ, “ಅದರಲ್ಲಿ ಇವರ ಬರವಣಿಗೆ ಇದೆಯೇನು ನೋಡು” ಅಂದರು. ಯಜಮಾನರು ಕೊನೆಯ ಕೆಲವು ವರ್ಷ ಕನ್ನಡದಲ್ಲಿ ತಮ್ಮ ಕಥೆ ಬರೆಯುತ್ತಿದ್ದರಂತೆ. ಬದುಕಿದ್ದಾಗಲೇ ಮಗನಿಗೆ ಒಮ್ಮೆ ಕಳಿಸಿದ್ದರು. ಅವನು ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ, ಅರ್ಥವಿಲ್ಲದ ಗುರುತು. ‘ವೈರಸ್ ಬಂದು ಹಾಳಾಗಿದೆ ಅಪ್ಪಾ’ ಅಂದು ಸುಮ್ಮನಾದನಂತೆ. ಇವರು ತಮ್ಮ ಯಂತ್ರದಲ್ಲಿ ನೋಡಿದರೆ ಅಕ್ಷರ ಸರಿಯಾಗೇ ಇದೆ! ಮಗ ಓದಲು ಮನಸ್ಸಿಲ್ಲದೆ ನೆವ ಹೇಳಿದ ಅಂತ ಮನಸ್ಸಿಗೆ ಹಚ್ಚಿಕೊಂಡರು. “ಕೊನೆವರೆಗೂ ಆ ಕೊರಗು ಇತ್ತು ಕಣಮ್ಮಾ” ಅಂದರು.

ನಾವು ತೆರೆದಾಗಲೂ ಅದೇ ಇಂಗ್ಲಿಷ್ ಗೋಜಲು. ಹುಡುಗನಿಗೂ ತಿಳಿಯಲಿಲ್ಲ. ಅವನ ಅಪ್ಪ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು, ಕನ್ನಡಕ ಏರಿಸಿ ನೋಡಿ, “ಇದು ಹಳೇ ನುಡಿ ಅಲ್ವೇನೋ!” ಅಂದರು. ಅವರು ವಿವರಿಸಿದ್ದು ಹೀಗೆ. ಮೊದಮೊದಲು ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಬಾಡಿಗೆಗಿತ್ತು. ಇಂಗ್ಲಿಷಿನ ಒಂದೊಂದು ಅಕ್ಷರದ ಜಾಗದಲ್ಲಿ ಕನ್ನಡದ ಒಂದೊಂದು ತುಂಡಿನ ಆಕಾರ ಕೂರಿಸಿದ್ದರು. ಆ ಅಚ್ಚು ಇದ್ದ ಯಂತ್ರದಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಯಂತ್ರದಲ್ಲಿ ಮನೆಯ ಮಾಲೀಕ ಇಂಗ್ಲಿಷೇ ಬಾಗಿಲಿಗೆ ಬರುತ್ತಾನೆ. 1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’ದ ಹಳೆಯ ಆವೃತ್ತಿಗಳು, ಕನ್ನಡ ಗಣಕ ಪರಿಷತ್ತಿನವರು ರಾಜ್ಯ ಸರ್ಕಾರಕ್ಕೆಂದು ಮಾಡಿದ ‘ನುಡಿ’ಯ ಹಳೆಯ ಆವೃತ್ತಿಗಳು, ಎಲ್ಲ ಹೀಗೇ. ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಸಿಕ್ಕಿದ್ದು 1991ರಲ್ಲೇ. ಆದರೆ ವಿಂಡೋಸಿನಲ್ಲಿ ಅದು ಮನೆಮನೆಗೆ ಬಂದದ್ದು 2001ರ ಎಕ್ಸ್‌ಪಿ ಜೊತೆಗೆ. ಅದರಲ್ಲಿದ್ದ ಕನ್ನಡ ಅಚ್ಚಿಗೆ ನಮ್ಮ ತುಂಗೆಯದೇ ಹೆಸರು. ಅಷ್ಟರಲ್ಲಿ ಹಳೇ ರೀತಿಯಲ್ಲಿ ಕೈ ಪಳಗಿದವರು ಅದರಲ್ಲೇ ಮುಂದುವರಿದರು. ಬರಹವೂ ನುಡಿಯೂ ಆಮೇಲೆ ಯೂನಿಕೋಡಿಗೆ ಬಂದವು, ಜನ ಬರಲಿಲ್ಲ.

ಹಾಳಾದದ್ದು ಏನೂ ಇಲ್ಲ! ಹಳೇ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಕಾಸಿಲ್ಲದೆ ಸಿಗುತ್ತವೆ. ಗೋಜಲನ್ನು ಒಂದು ಕಡೆ ಅಂಟಿಸಿ ಗುಂಡಿ ಒತ್ತಿದರೆ ಇನ್ನೊಂದು ಕಡೆ ಕನ್ನಡ. ಕೆಲವು ಕಡೆ ಅರ್ಕಾವತ್ತು, ಒತ್ತಕ್ಷರ ಅಡ್ಡಾದಿಡ್ಡಿ ಬರುತ್ತವೆ, ಕೂತು ತಿದ್ದಬೇಕು. ನಿಮ್ಮ ಮನೆಯಲ್ಲೂ ಮಾವನವರದೋ ತಂದೆಯವರದೋ ಹೀಗೆ ‘ವೈರಸ್ ಬಂದ’ ಫೈಲು ಇದ್ದರೆ ಅಳಿಸುವ ಮುಂಚೆ ಒಮ್ಮೆ ಹೀಗೆ ಮಾಡಿ ನೋಡಿ. ಮೊದಲ ನಾಲ್ಕು ಸಾಲು ಬಂದ ಕೂಡಲೇ ನಾನು ನಿಲ್ಲಿಸಿದೆ. ಅದು ನಾನು ಓದುವಂಥದ್ದಲ್ಲ.

ಗುರುವಾರ ಅಮ್ಮ ಬಂದರು. ಕಣ್ಣಿನ ಪೊರೆ ಬಲಿತಿದೆ, ಪರದೆ ಕಾಣದು, “ನೀನೇ ಓದಮ್ಮಾ” ಅಂದರು. ಬಸವೇಶ್ವರನಗರದಲ್ಲಿ ಮನೆ ಕಟ್ಟಿದ ಭಾಗ ಬಂತು. ಮರಳು ಎಷ್ಟು ಲೋಡು, ಸಿಮೆಂಟು ಎಷ್ಟು ಮೂಟೆ, ಬ್ಯಾಂಕಿನವರಲ್ಲವೇ, ಪೈಸೆ ಸಮೇತ ಲೆಕ್ಕ. ಅದರ ನಡುವೆ ಒಂದು ಸಾಲು, ಸಜ್ಜಾ ಹಾಕುವ ವಾರ ದುಡ್ಡು ಸಾಲದೆ ಹೆಂಡತಿಯ ನಾಲ್ಕು ಬಳೆ ಗಿರವಿ ಇಟ್ಟದ್ದು, ಎರಡನ್ನು ಮಾತ್ರ ಬಿಡಿಸಿಕೊಡಲು ಆದದ್ದು. ಓದುತ್ತಿದ್ದವಳು ನಿಲ್ಲಿಸಿ ಅವರ ಮುಖ ನೋಡಿದೆ. “ಅದನ್ನೂ ಬರ್ದಿದಾರಾ?” ಅಂದರು ಅಮ್ಮ. ತಮ್ಮ ಬಲಗೈ ಮಣಿಕಟ್ಟನ್ನು ಸವರಿಕೊಂಡರು. ಆಮೇಲೆ, “ಒಂದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಮರ್ತೇಬಿಟ್ಟಿದಾರೆ ಅಂದ್ಕೊಂಡಿದ್ದೆ” ಎಂದರು. ಕಾಫಿ ತರುವ ನೆವದಲ್ಲಿ ನಾನು ಒಳಗೆ ಎದ್ದುಹೋದೆ.

ಬರವಣಿಗೆ, ಫೋಟೋ ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ತುಂಬಿದೆವು, ಒಂದು ಅವರಿಗೆ, ಒಂದು ಅವರ ಮಗನಿಗೆ. ಎರಡೂ ಸರಿಯಾಗಿ ತೆರೆಯುತ್ತವೆ ಅಂತ ಇನ್ನೊಂದು ಯಂತ್ರದಲ್ಲಿ ನೋಡಿದ ಮೇಲೇ ಹಳೇ ಡಿಸ್ಕು ಅಳಿಸಲು ಕೂತದ್ದು. ಇಲ್ಲಿ ಗಮನ ಕೊಡಿ. ಡಿಲೀಟ್ ಒತ್ತಿ ಕಸದ ಬುಟ್ಟಿ ಖಾಲಿ ಮಾಡಿದರೆ ಅಳಿಸಿದ ಹಾಗಲ್ಲ. ಡಬ್ಬದ ಮೇಲಿನ ಚೀಟಿ ಕಿತ್ತಿರುತ್ತೇವೆ, ಒಳಗೆ ಬೇಳೆ ಹಾಗೇ ಇರುತ್ತದೆ. ಬೇಗ ಮುಗಿಯುವ ಫಾರ್ಮ್ಯಾಟೂ ಅಷ್ಟೇ. ಅಂಥ ಡಿಸ್ಕಿನಿಂದ ಎಲ್ಲವನ್ನೂ ಮತ್ತೆ ಎತ್ತುವ ತಂತ್ರಾಂಶ ಯಾರಿಗೆ ಬೇಕಾದರೂ ಸಿಗುತ್ತದೆ. ಡಿಸ್ಕಿನ ಮೂಲೆ ಮೂಲೆಗೂ ಸೊನ್ನೆ ಬರೆಸಬೇಕು. ಮಿಂಟ್‌ನಲ್ಲಿ ‘ಡಿಸ್ಕ್ಸ್’ ಎಂಬುದರೊಳಗೆ ಫಾರ್ಮ್ಯಾಟಿಗೆ ಹೋದರೆ ಸೊನ್ನೆಗಳಿಂದ ತುಂಬು, ನಿಧಾನ, ಎನ್ನುವ ಆಯ್ಕೆ ಇದೆ. ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್’ ಎನ್ನುವುದರ ಮುಂದಿನ ಗುರುತು ತೆಗೆದರೆ ಅದೇ ಕೆಲಸ. ಯಾವ ಡಿಸ್ಕನ್ನು ಆರಿಸಿದ್ದೀರಿ ಅಂತ ಎರಡು ಸಲ ನೋಡಿ, ಇದಕ್ಕೆ ವಾಪಸು ದಾರಿಯಿಲ್ಲ. 500 ಜಿಬಿಗೆ ಎರಡು ಗಂಟೆಗೂ ಮೇಲೆ ಹಿಡಿಯಿತು. ಒಂದು ಕಡೆ ಹುಳಿ ಕುದಿಯಲು ಇಟ್ಟು, ಆಗಾಗ ಬಂದು ನೋಡಿ ಹೋಗುತ್ತಿದ್ದೆ. ಇದು ತಿರುಗುವ ಡಿಸ್ಕಿನ ಮಾತು. ಎಸ್‌ಎಸ್‌ಡಿಯ ರೀತಿ ಬೇರೆ, ಅದಕ್ಕೆ ಅದನ್ನು ಮಾಡಿದ ಕಂಪನಿಯದೇ ಅಳಿಸುವ ತಂತ್ರಾಂಶ ಬಳಸಬೇಕು.

ಸೊನ್ನೆ ತುಂಬುವುದನ್ನು ನೋಡುತ್ತಾ ಕೂತಾಗ ನೆನಪಾಯಿತು, ಕೆಲವು ವರ್ಷದ ಹಿಂದೆ ಪ್ಲಾಸ್ಟಿಕ್ ಬಕೆಟ್ಟಿಗೆ ನನ್ನದೊಂದು ಹಳೇ ಫೋನು ಕೊಟ್ಟಿದ್ದೆ. ಬೀದಿಯಲ್ಲಿ ಬಂದವನಿಗೆ. ಒಳಗೆ ಮಗಳ ಚಿಕ್ಕಂದಿನ ಎಷ್ಟು ಚಿತ್ರಗಳಿದ್ದವೋ, ಯಾರ ಕೈಯಲ್ಲಿವೆಯೋ. ಆ ರಾತ್ರಿ ನಿದ್ದೆ ಬರಲಿಲ್ಲ. ನಿಮ್ಮದೇ ಬಕೆಟ್ಟು ನೆನಪಾದರೆ ಕ್ಷಮಿಸಿ. ಫೋನು ಕೊಡುವ ಮುಂಚೆ ನಿಮ್ಮ ಖಾತೆಯಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ಮು, ಮೆಮೊರಿ ಕಾರ್ಡು ಕಿತ್ತುಕೊಳ್ಳಿ. ಈಗಿನ ಫೋನುಗಳಲ್ಲಿ ಒಳಗಿರುವುದೆಲ್ಲ ಗುಪ್ತಲಿಪಿಯಲ್ಲಿರುವುದರಿಂದ ಅಷ್ಟು ಸಾಕು. 2015ಕ್ಕೆ ಮುಂಚಿನವನ್ನು ಮಾತ್ರ ನಂಬಬೇಡಿ, ಮನೆಯಲ್ಲೇ ಇಟ್ಟುಕೊಳ್ಳಿ. ಆಧಾರ್ ಪ್ರತಿ ಕೊಡಬೇಕಾದಾಗ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಆಧಾರ್‌ನವರೇ ಕೊಡುತ್ತಾರೆ, ಅದನ್ನು ಬಳಸಿ. ಇನ್ನು ಪೂರ್ತಿ ಸತ್ತ ಯಂತ್ರಗಳನ್ನು ಕಸದ ಗಾಡಿಗೆ ಹಾಕಬೇಡಿ, ಒಳಗೆ ಸೀಸವಿರುತ್ತದೆ. ಇ-ಕಸ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಡಿ. ನಮ್ಮ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಲ್ಲೇ ‘ಇ-ಪರಿಸರ’ ಎನ್ನುವ ಸಂಸ್ಥೆ ಈ ಕೆಲಸ ಶುರು ಮಾಡಿತ್ತು.

ಈಗ ಸಂಘದ ಲೆಕ್ಕ ಕಂಪ್ಯೂಟರಿಗೆ ಏರಿದೆ. ಈ ಲೇಖನವನ್ನೂ ಅದರಲ್ಲೇ ಬರೆದದ್ದು. ಮಿಂಟ್‌ನಲ್ಲಿ ಕೀಬೋರ್ಡ್ ವಿಭಾಗಕ್ಕೆ ಹೋಗಿ ಕನ್ನಡ ಆರಿಸಿದರೆ ‘ಕಗಪ’ ಅಂತ ಒಂದು ವಿನ್ಯಾಸ ಸಿಗುತ್ತದೆ. ಕನ್ನಡ ಗಣಕ ಪರಿಷತ್ತು ಅನ್ನುವುದರ ಮೊದಲಕ್ಷರಗಳು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯೇ ಅದಕ್ಕೆ ಮೂಲ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಒತ್ತಬೇಕು. ನಾನು ಮೊದಲು ಒತ್ತಿದ್ದು ಎ, ಎಂ, ಎಫ್, ಎಂ. ‘ಅಮ್ಮ’ ಅಂತ ಬಂತು. ನಮ್ಮನೆಯವರು ಬಂದು, “ನನ್ನ ಹೆಸರು ಬರಿ ನೋಡೋಣ” ಅಂದರು. ಬರೆದೆ. ಈಗ ರಾತ್ರಿ ಊಟವಾದ ಮೇಲೆ ಅವರೇ ಕುರ್ಚಿ ಹಿಡಿಯುತ್ತಾರೆ, ನನಗೆ ಜಾಗ ಸಿಗುವುದಿಲ್ಲ.

ಅಮ್ಮ ಪ್ರತಿ ಗುರುವಾರ ಬರುತ್ತಾರೆ. ನಾನು ಓದುತ್ತೇನೆ, ಅವರು ಕೇಳಿ ತಪ್ಪು ಹೇಳುತ್ತಾರೆ. ಪರಿವರ್ತಕ ಹಾಳು ಮಾಡಿದ ಅರ್ಕಾವತ್ತುಗಳನ್ನು ಒಂದೊಂದಾಗಿ ಸರಿ ಮಾಡುತ್ತಿದ್ದೇವೆ. ಮೂವತ್ತೆಂಟು ಪುಟದಲ್ಲಿ ಹನ್ನೊಂದು ಮುಗಿದಿದೆ. ಮೊದಲ ಐದು ಪುಟವನ್ನು ಮಗನಿಗೆ ಕಳಿಸಿದ್ದಾಯಿತು. ಹೋದ ವಾರ ಅವನು ಫೋನ್ ಮಾಡಿ, ಮುಂದಿನದು ಯಾವಾಗ ಅಂತ ಕೇಳಿದನಂತೆ.